ಪರ್ವತಾರೋಹಣವನ್ನೇ ಬದುಕಾಗಿ ಆರಿಸಿಕೊಳ್ಳಲು ಹೊರಟಿರುವ ಮಗಳು: ಆ ಬದುಕು ನಿಜವಾಗಿ ಹೇಗಿರುತ್ತದೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವನು. ನನ್ನ ಮಗಳು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಈ ವರ್ಷ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿ 'ಎ' ಶ್ರೇಣಿ ಪಡೆದು ಬಂದಿದ್ದಾಳೆ. ಕಾಲೇಜಿನ ದಿನಗಳಲ್ಲಿ ಅವಳು ಗೆಳತಿಯರೊಡನೆ ಕೊಡಚಾದ್ರಿ, ಕುಂದಾದ್ರಿ, ಕವಲೇದುರ್ಗ ಎಂದು ಹತ್ತುತ್ತಿದ್ದಾಗ ನಾವು ಅದನ್ನು ಒಳ್ಳೆಯ ಹವ್ಯಾಸವೆಂದುಕೊಂಡು ಸಂತೋಷಪಟ್ಟಿದ್ದೆವು. ಈಗ ಅವಳು ಇದನ್ನೇ ಬದುಕಾಗಿ ಮಾಡಿಕೊಳ್ಳುತ್ತೇನೆ, ಅಡ್ವಾನ್ಸ್ ಕೋರ್ಸ್ ಮುಗಿಸಿ ಏಳು ಸಾವಿರ, ಎಂಟು ಸಾವಿರ ಮೀಟರಿನ ಶಿಖರಗಳಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ.

ನನಗೆ ಅವಳನ್ನು ತಡೆಯುವ ಮನಸ್ಸಿಲ್ಲ. ಆದರೆ ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂಬುದೇ ತಿಳಿಯದೆ ಹೂಂ ಎನ್ನುವುದೂ ತಂದೆಯಾದವನಿಗೆ ಸರಿ ಕಾಣುವುದಿಲ್ಲ. ಪತ್ರಿಕೆಗಳಲ್ಲಿ ನಾನು ಕಾಣುವುದು ಎರಡೇ ಬಗೆಯ ಸುದ್ದಿ: ಶಿಖರದ ಮೇಲೆ ಧ್ವಜ ಹಿಡಿದು ನಿಂತವರ ಚಿತ್ರ, ಇಲ್ಲವೇ ದುರಂತದ ವರದಿ. 2022ರ ಅಕ್ಟೋಬರ್ 4ರಂದು ಅದೇ ಸಂಸ್ಥೆಯ ಅಡ್ವಾನ್ಸ್ ಕೋರ್ಸಿನ ತಂಡ ದ್ರೌಪದಿ ಕಾ ಡಾಂಡಾ ಎಂಬ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದನ್ನು ಓದಿದ್ದೇನೆ. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿ ಬಂದಿದ್ದ ಬೋಧಕಿ ಸವಿತಾ ಕಂಸ್ವಾಲ್ ಅವರೂ ಅಲ್ಲಿ ಜೀವ ಕಳೆದುಕೊಂಡರು. ಅಷ್ಟು ಬಲ್ಲವರಿಗೇ ಹಾಗಾದರೆ ನಮ್ಮ ಹುಡುಗಿಯ ಗತಿಯೇನು ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಆದ್ದರಿಂದ ಈ ಎರಡು ಬಗೆಯ ಸುದ್ದಿಗಳ ನಡುವಿನ ದಿನಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಪರ್ವತಾರೋಹಿಯ ವರ್ಷ ಹೇಗೆ ಸಾಗುತ್ತದೆ, ಹೊಟ್ಟೆಪಾಡು ಯಾವುದರಿಂದ ನಡೆಯುತ್ತದೆ, ಮಳೆಯಲ್ಲೂ ಸೆಕೆಯಲ್ಲೂ ಬೆಳೆದ ನಮ್ಮ ಮಲೆನಾಡಿನ ಮೈ ಆ ಎತ್ತರವನ್ನು ತಾಳಿಕೊಳ್ಳಬಲ್ಲದೇ, ಮನೆಯವರು ಯಾವುದಕ್ಕೆ ಸಿದ್ಧರಾಗಿರಬೇಕು? ಮಗಳನ್ನು ಕೇಳಿದರೆ ನನಗೆ ಧೈರ್ಯ ಹೇಳುತ್ತಾಳೆ. ನನಗೆ ವಿವರ ಬೇಕಾಗಿದೆ.

ಉತ್ತರ: ಸಾಗರದ ಪರ್ವತಾರೋಹಣ ಬೋಧಕ

ನಮಸ್ಕಾರ ಸರ್. ನಾನು ಸಾಗರ ತಾಲ್ಲೂಕಿನವನು, ಹಿಮಾಲಯದ ತರಬೇತಿ ಶಿಬಿರಗಳಲ್ಲಿ ಬೋಧಕನಾಗಿ ದುಡಿಯುತ್ತೇನೆ. ನನ್ನ ಬಳಿಗೆ ಬರುವ ಹುಡುಗ ಹುಡುಗಿಯರ ಪೋಷಕರಲ್ಲಿ ಹೆಚ್ಚಿನವರು ಎವರೆಸ್ಟ್ ಏರಲು ಎಷ್ಟು ವರ್ಷ ಬೇಕು ಎಂದು ಕೇಳುತ್ತಾರೆ. ವರ್ಷ ಹೇಗೆ ಸಾಗುತ್ತದೆ ಎಂದು ತಾವು ಕೇಳಿದ್ದೀರಿ. ಈ ಬದುಕು ಇರುವುದೇ ಅದರಲ್ಲಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಉತ್ತರಾಖಂಡದ ಗಢವಾಲ್ ಮತ್ತು ನೇಪಾಳದ ಕಡೆ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳೂ ಮಳೆ ಹಿಂದೆ ಸರಿದ ಮೇಲಿನ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೂ ಹತ್ತುವ ಕಾಲ. ಜುಲೈ, ಆಗಸ್ಟ್‌ನಲ್ಲಿ ಆಗುಂಬೆಯಲ್ಲಿ ಮಳೆ ಹೊಯ್ಯುತ್ತಿರುವಾಗ ಹಿಮಾಲಯದ ದಕ್ಷಿಣದ ಇಳಿಜಾರುಗಳೂ ನೆನೆದು ಕುಸಿಯುತ್ತಿರುತ್ತವೆ. ಆಗ ಕೆಲಸವಿರುವುದು ಮಳೆಯ ನೆರಳಿನಲ್ಲಿರುವ ಲಡಾಖ್ ಮತ್ತು ಸ್ಪಿತಿಯ ಕಡೆಗೆ. ನವೆಂಬರ್ ನಂತರದ ಚಳಿಗಾಲದಲ್ಲಿ, ಅಂದರೆ ತಮ್ಮಲ್ಲಿ ಅಡಿಕೆ ಸುಗ್ಗಿ ನಡೆಯುವ ಕಾಲಕ್ಕೆ ಸರಿಯಾಗಿ, ನಮ್ಮಲ್ಲಿ ಬಹುಪಾಲು ಜನ ಮನೆಯಲ್ಲಿರುತ್ತೇವೆ. ಹಾಗೆಂದು ಅದು ವಿಶ್ರಾಂತಿಯ ಕಾಲವಲ್ಲ. ಮುಂದಿನ ಋತುವಿನ ಮೈಬಲವನ್ನೂ ಹಣವನ್ನೂ ಕೂಡಿಸಿಕೊಳ್ಳುವುದು ಆಗಲೇ.

ದೊಡ್ಡ ಶಿಖರವೊಂದಕ್ಕೆ ಹೋದಾಗಲೂ ಹತ್ತುವ ದಿನಗಳು ಕಡಿಮೆ, ಉಳಿದ ದಿನಗಳು ಹೆಚ್ಚು. ಎವರೆಸ್ಟನ್ನೇ ನೋಡಿ. ನೇಪಾಳದ ಕಡೆಯಿಂದ ಹೋಗುವವರು ಲುಕ್ಲಾದಲ್ಲಿ ವಿಮಾನ ಇಳಿದರೆ 2,860 ಮೀಟರಿನಿಂದ 5,364 ಮೀಟರಿನ ಬೇಸ್ ಕ್ಯಾಂಪಿಗೆ ಒಂದು ವಾರಕ್ಕಿಂತ ಹೆಚ್ಚು ದಿನ ನಿಧಾನವಾಗಿ ನಡೆಯುತ್ತಾರೆ. ಆಮೇಲೆ ಮೇಲಿನ ಶಿಬಿರಗಳಿಗೆ ಹೋಗಿ, ಮಲಗಿ, ಮತ್ತೆ ಕೆಳಗಿಳಿದು, ಮೈ ಎತ್ತರಕ್ಕೆ ಒಗ್ಗುವವರೆಗೆ ಇದನ್ನೇ ಪುನರಾವರ್ತಿಸುತ್ತಾರೆ. ಕೊನೆಗೆ ಶಿಖರದ ಮೇಲೆ ಬೀಸುವ ಜೆಟ್ ಗಾಳಿ ಮೇ ತಿಂಗಳಲ್ಲಿ ಉತ್ತರಕ್ಕೆ ಸರಿದು ಕೆಲವು ದಿನ ಬಿಡುವು ಕೊಡುವುದನ್ನೇ ಕಾಯುತ್ತ ಕೂರುತ್ತಾರೆ. ಎಲ್ಲ ಸೇರಿ ಸುಮಾರು ಎರಡು ತಿಂಗಳಾಗುವ ಈ ಯಾತ್ರೆಯಲ್ಲಿ ತುದಿಯ ಮೇಲೆ ನಿಲ್ಲುವುದು ಕೆಲವೇ ನಿಮಿಷ. ಮೇಲಿನ ಶಿಬಿರಗಳಲ್ಲಿ ಕುಡಿಯುವ ಪ್ರತಿ ಲೋಟ ನೀರನ್ನೂ ಹಿಮ ಕರಗಿಸಿಯೇ ಮಾಡಿಕೊಳ್ಳಬೇಕಾದ್ದರಿಂದ ದಿನದ ಹಲವು ಗಂಟೆಗಳು ಸ್ಟವ್‌ನ ಮುಂದೆಯೇ ಕಳೆಯುತ್ತವೆ. ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿದುಬಿಡುವುದರಿಂದ ಕುಕ್ಕರಿಲ್ಲದೆ ಅಕ್ಕಿ ಬೇಯುವುದಿಲ್ಲ. ಗುಡಾರದ ಮೇಲೆ ಬಿದ್ದ ಹಿಮವನ್ನು ನಡುರಾತ್ರಿಯಲ್ಲಿ ಎದ್ದು ತೆಗೆಯಬೇಕು, ಒದ್ದೆಯಾದ ಕಾಲುಚೀಲವನ್ನು ಮೈಗೆ ಒತ್ತಿಕೊಂಡು ಒಣಗಿಸಬೇಕು. ಇಂಥ ಕೆಲಸಗಳನ್ನು ಗೊಣಗದೆ, ದಿನವೂ ಒಂದೇ ಅಚ್ಚುಕಟ್ಟಿನಿಂದ ಮಾಡುವವರು ಈ ಬದುಕಿನಲ್ಲಿ ನಿಲ್ಲುತ್ತಾರೆ. ತಮ್ಮ ಮಗಳು ಬೇಸಿಕ್ ಕೋರ್ಸಿನಲ್ಲಿ 'ಎ' ಶ್ರೇಣಿ ಪಡೆದಿದ್ದರೆ ಬೋಧಕರು ಅವಳ ಕಾಲಿನ ಬಲದ ಜೊತೆಗೆ ಇದನ್ನೂ ಗಮನಿಸಿರುತ್ತಾರೆ ಎಂದು ನಂಬಬಹುದು.

ಎಲ್ಲಕ್ಕಿಂತ ಮುಖ್ಯವೆಂದು ನಾನು ಎಣಿಸುವುದು ಹಿಂದಿರುಗುವ ವಿದ್ಯೆಯನ್ನು. 1960ರಲ್ಲಿ ಬ್ರಿಗೇಡಿಯರ್ ಜ್ಞಾನ್ ಸಿಂಗ್ ಅವರ ನೇತೃತ್ವದ ಭಾರತದ ಮೊದಲ ಎವರೆಸ್ಟ್ ತಂಡದಲ್ಲಿ ನರೇಂದ್ರ ಕುಮಾರ್, ಸೋನಮ್ ಗ್ಯಾತ್ಸೋ, ನವಾಂಗ್ ಗೊಂಬು ಈ ಮೂವರು ತುದಿಗೆ ಸುಮಾರು 200 ಮೀಟರ್ ಉಳಿದಿದ್ದಾಗ ಹವೆ ಕೆಟ್ಟದ್ದರಿಂದ ಹಿಂದಿರುಗಿದರು. 1962ರ ತಂಡ ಅದಕ್ಕಿಂತಲೂ ಹತ್ತಿರ ಹೋಗಿ ಹಿಂದಿರುಗಿತು. ಆ ವರ್ಷ ಹಿಂದಿರುಗಿದವರಲ್ಲಿ ಒಬ್ಬರಾದ ಎಂ.ಎಸ್. ಕೊಹ್ಲಿಯವರೇ 1965ರ ತಂಡದ ನಾಯಕರಾದರು. ಆ ಸಲ 9 ಮಂದಿ ಶಿಖರ ಮುಟ್ಟಿದರು, ಅವರಲ್ಲಿ ಗೊಂಬು ಮತ್ತು ಗ್ಯಾತ್ಸೋ ಇಬ್ಬರೂ ಇದ್ದರು. 1960ರಲ್ಲಿ ಅವರು ಇನ್ನೂರು ಮೀಟರಿನ ಆಸೆಗೆ ಬಿದ್ದಿದ್ದರೆ 1965 ಅವರ ಪಾಲಿಗೆ ಇರುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ನರೇಂದ್ರ ಕುಮಾರ್ ಅವರು 1961ರಲ್ಲಿ ಹಿಮಕಡಿತಕ್ಕೆ ಕಾಲ್ಬೆರಳುಗಳನ್ನು ಕಳೆದುಕೊಂಡರೂ 1977ರಲ್ಲಿ ಸೇನೆಯ ತಂಡವನ್ನು ಕಾಂಚನಜುಂಗಾಕ್ಕೆ ಮುನ್ನಡೆಸಿದರು. ಸಿಯಾಚಿನ್‌ನಲ್ಲಿ ಅವರು ಮಾಡಿದ ಪರಿಶೋಧನೆ ದೇಶದ ರಕ್ಷಣೆಗೇ ಒದಗಿತು. ಪೂರ್ಣವಾದ ಪರ್ವತಾರೋಹಿ ಜೀವನ ಎಂದಾಗ ನನಗೆ ನೆನಪಾಗುವುದು ಇಂಥವರು.

ಈ ವಿದ್ಯೆ ತಮಗೆ ಹೊಸದಲ್ಲ. ಅಡಿಕೆ ಗೊನೆ ಕೊಯ್ಯುವ ಒಳ್ಳೆಯ ಕೊನೆಗಾರ ಮಳೆ ಹನಿದು ಮರ ಜಾರುತ್ತಿರುವಾಗ, ತೋಟದ ಯಜಮಾನರು ಎಷ್ಟೇ ಅವಸರಪಡಿಸಿದರೂ, ಇವತ್ತು ಹತ್ತುವುದಿಲ್ಲ ಎಂದು ಮರ ಹತ್ತಲು ಕಾಲಿಗೆ ಹಾಕುವ ತಳೆಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ, ಅವನ ಆ ಮಾತಿಗೆ ತೋಟದಲ್ಲಿ ಗೌರವವೂ ಇರುತ್ತದೆ. ಪರ್ವತದಲ್ಲಿ ಆ ಮಾತನ್ನು ಆಡುವುದು ಇನ್ನಷ್ಟು ಕಷ್ಟ. ಏಕೆಂದರೆ ಅಲ್ಲಿಗೆ ಹೋಗಲು ಲಕ್ಷಾಂತರ ರೂಪಾಯಿ ಖರ್ಚಾಗಿರುತ್ತದೆ, ಊರಿನಲ್ಲಿ ಸನ್ಮಾನಕ್ಕೆ ಸಿದ್ಧತೆ ನಡೆದಿರುತ್ತದೆ. ಅದಕ್ಕಾಗಿಯೇ ತಂಡಗಳು ಇಷ್ಟು ಗಂಟೆಯೊಳಗೆ ತುದಿ ತಲುಪದಿದ್ದರೆ ಎಲ್ಲಿದ್ದರೂ ತಿರುಗಿ ಇಳಿಯಬೇಕು ಎಂದು ಹೊರಡುವ ಮುಂಚೆಯೇ ನಿಶ್ಚಯಿಸಿಕೊಳ್ಳುತ್ತವೆ. ಮಗಳು ಬರಿಗೈಯಲ್ಲಿ ಬಂದ ದಿನ ಮನೆಯಲ್ಲಿ ಅವಳಿಗೆ ಎಂಥ ಸ್ವಾಗತ ಸಿಗುತ್ತದೆ ಎಂಬುದರ ಮೇಲೂ ಅವಳ ಕ್ಷೇಮ ನಿಂತಿದೆ ಎಂಬುದನ್ನು ತಾವು ದಯವಿಟ್ಟು ಗಮನದಲ್ಲಿ ಇಟ್ಟುಕೊಳ್ಳಬೇಕು.

ಹೊಟ್ಟೆಪಾಡಿನ ವಿಷಯ. ಶಿಖರ ಹತ್ತುವುದರಿಂದ ಹಣ ಬರುವುದಿಲ್ಲ, ಹೋಗುತ್ತದೆ. ನೇಪಾಳ ಸರ್ಕಾರ 2025ರ ಸೆಪ್ಟೆಂಬರಿನಿಂದ ವಸಂತಕಾಲದ ಎವರೆಸ್ಟ್ ಪರವಾನಗಿಯ ಶುಲ್ಕವನ್ನು ಒಬ್ಬರಿಗೆ 11,000 ಡಾಲರಿನಿಂದ 15,000 ಡಾಲರಿಗೆ ಏರಿಸಿದೆ. ಆಮ್ಲಜನಕ, ಶೆರ್ಪಾ ಸಹಾಯಕರು, ಆಹಾರ, ಉಡುಪು ಎಲ್ಲ ಸೇರಿದರೆ ಒಟ್ಟು ಖರ್ಚು ಇದರ ಎರಡು ಮೂರು ಪಟ್ಟಾಗುತ್ತದೆ. ಪ್ರಾಯೋಜಕರನ್ನು ನಂಬಿ ಬದುಕು ಕಟ್ಟಲಾಗದು. ಕಲಿಸುವ ಕೆಲಸವನ್ನು ನಂಬಬಹುದು. ಬೇಸಿಕ್ ಆದ ಮೇಲೆ ಅಡ್ವಾನ್ಸ್, ಅದರಲ್ಲೂ 'ಎ' ಶ್ರೇಣಿ ಬಂದರೆ ಬೋಧನಾ ವಿಧಾನದ ಕೋರ್ಸ್, ಶೋಧ ಮತ್ತು ರಕ್ಷಣೆಯ ಕೋರ್ಸ್ ಎಂದು ಮೆಟ್ಟಿಲುಗಳಿವೆ. ಇವನ್ನು ಮುಗಿಸಿದವರು ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿಯಂಥ ಸಂಸ್ಥೆಗಳಲ್ಲಿ ಬೋಧಕರಾಗುತ್ತಾರೆ, ಚಾರಣ ತಂಡಗಳ ಮುಂದಾಳುಗಳಾಗುತ್ತಾರೆ. ಕೆಲವರು ಹಗ್ಗದ ಕೌಶಲವನ್ನು ಬಳಸಿ ಗಾಳಿಯಂತ್ರಗಳ, ಎತ್ತರದ ಕಟ್ಟಡಗಳ ದುರಸ್ತಿಯ ಕೆಲಸಕ್ಕೂ ಹೋಗುತ್ತಾರೆ. ವರಮಾನ ಋತುವಿನೊಂದಿಗೆ ಏರಿಳಿಯುತ್ತದೆ. ಧಾರಣೆಯ ಏರಿಳಿತ ಕಂಡ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ: ಶಿವಮೊಗ್ಗದ ವೈದ್ಯೆ

ನಾನು ಹಿಂದೆ ಕೆಲವು ವರ್ಷ ಲಡಾಖಿನಲ್ಲಿ ಸೇನೆಯ ವೈದ್ಯೆಯಾಗಿದ್ದೆ. ಈಗ ಶಿವಮೊಗ್ಗದಲ್ಲಿದ್ದೇನೆ. ನಮ್ಮ ಮೈ ತಾಳಿಕೊಳ್ಳಬಲ್ಲದೇ ಎಂಬ ತಮ್ಮ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಶಿವಮೊಗ್ಗದಲ್ಲೂ ಎವರೆಸ್ಟ್ ತುದಿಯಲ್ಲೂ ಅದು ಶೇಕಡಾ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 5,500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ, 8,848 ಮೀಟರಿನಲ್ಲಿ ಮೂರರಲ್ಲಿ ಒಂದು ಪಾಲಾಗುತ್ತದೆ. ಆದ್ದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಆ ಮಟ್ಟಕ್ಕೆ ಇಳಿಯುತ್ತದೆ. ಇದಕ್ಕೆ ಮೈ ತನ್ನದೇ ಉತ್ತರ ಕೊಡುತ್ತದೆ: ಉಸಿರಾಟ ಮೊದಲ ಗಂಟೆಗಳಿಂದಲೇ ಹೆಚ್ಚುತ್ತದೆ, ಮೂತ್ರಪಿಂಡಗಳು ರಕ್ತದ ಆಮ್ಲ ಮತ್ತು ಕ್ಷಾರದ ಸಮತೋಲವನ್ನು ಕೆಲವು ದಿನಗಳಲ್ಲಿ ಸರಿಪಡಿಸುತ್ತವೆ, ಕೆಂಪು ರಕ್ತಕಣಗಳು ವಾರಗಳಲ್ಲಿ ಹೆಚ್ಚುತ್ತವೆ. ಇವುಗಳಲ್ಲಿ ಯಾವುದನ್ನೂ ಇಚ್ಛಾಶಕ್ತಿಯಿಂದ ಬೇಗ ಮಾಡಿಸಲು ಸಾಧ್ಯವಿಲ್ಲ. ಅದಕ್ಕಾಗಿಯೇ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ನಿಲ್ಲಬೇಕು ಎನ್ನುವುದು. ನಮ್ಮ ಸೇನೆಯಲ್ಲಿ ಕೆಳಗಿನಿಂದ ಬಂದ ಯೋಧನಿಗೆ ಮೊದಲ ಹಂತದಲ್ಲಿ 6 ದಿನ, ಮುಂದಿನ ಎರಡು ಹಂತಗಳಲ್ಲಿ ತಲಾ 4 ದಿನ ಕೊಟ್ಟೇ ಮೇಲಕ್ಕೆ ಕಳುಹಿಸುತ್ತಾರೆ. ಈ ನಿಯಮದ ಹಿಂದೆ 1962ರ ಯುದ್ಧದ ಕಾಲದಲ್ಲಿ ಅವಸರವಾಗಿ ಎತ್ತರಕ್ಕೆ ಹೋದ ನಮ್ಮ ಸೈನಿಕರು ಅನುಭವಿಸಿದ ಬಹಳ ದೊಡ್ಡ ನೋವಿದೆ.

ಮಲೆನಾಡಿನಲ್ಲಿ ಹುಟ್ಟಿದ್ದು ಅಡ್ಡಿಯೇನೂ ಅಲ್ಲ. ಶೆರ್ಪಾಗಳು ಮತ್ತು ಟಿಬೆಟಿನ ಜನ ಸಾವಿರಾರು ವರ್ಷ ಎತ್ತರದಲ್ಲಿ ಬಾಳಿದವರಾದ್ದರಿಂದ ಅವರ ವಂಶವಾಹಿಗಳಲ್ಲೇ ಒಂದು ಅನುಕೂಲವಿದೆ, ಅದು ನಮಗಿಲ್ಲ. ಉಳಿದಂತೆ ಮಂಗಳೂರಿನವರಿಗೂ ದೆಹಲಿಯವರಿಗೂ ತೀರ್ಥಹಳ್ಳಿಯವರಿಗೂ ವ್ಯತ್ಯಾಸವಿಲ್ಲ. ಒಬ್ಬೊಬ್ಬರ ಮೈ ಒಂದೊಂದು ವೇಗದಲ್ಲಿ ಒಗ್ಗುತ್ತದೆ, ಆ ವೇಗ ಅವರು ಎಷ್ಟು ಗಟ್ಟಿಮುಟ್ಟಾಗಿದ್ದಾರೆ ಎಂಬುದನ್ನು ಅವಲಂಬಿಸುವುದಿಲ್ಲ. ಬಲಶಾಲಿಯಾದ ಯುವಕರು ಬೇಗ ಹತ್ತಿಬಿಡುತ್ತಾರೆ, ಆದ್ದರಿಂದಲೇ ಕಾಯಿಲೆಗೂ ಬೇಗ ಸಿಗುತ್ತಾರೆ. ಮಗಳು ಈಗಾಗಲೇ ಒಮ್ಮೆ ಎತ್ತರಕ್ಕೆ ಹೋಗಿ ಬಂದಿರುವುದರಿಂದ ಅವಳ ಮೈ ಅಲ್ಲಿ ಹೇಗೆ ನಡೆದುಕೊಂಡಿತು, ಎಷ್ಟನೆಯ ದಿನ ತಲೆನೋವು ಬಂತು, ನಿದ್ರೆ ಹೇಗಿತ್ತು ಎಂಬುದನ್ನೆಲ್ಲ ಬರೆದಿಡಲು ಹೇಳಿ. ಮುಂದಿನ ಎಲ್ಲ ಯಾತ್ರೆಗಳಿಗೂ ಆ ಬರಹ ಬೇಕಾಗುತ್ತದೆ.

ತಾವು ಹೆದರಬೇಕಾದ ಕಾಯಿಲೆಗಳು ಎರಡು. ಒಂದರಲ್ಲಿ ಶ್ವಾಸಕೋಶದೊಳಗೆ ದ್ರವ ತುಂಬುತ್ತದೆ, ಸುಮ್ಮನೆ ಕುಳಿತಾಗಲೂ ಏದುಸಿರು ಬರುತ್ತದೆ, ಕೆಮ್ಮಿನಲ್ಲಿ ನೊರೆ ಕಾಣಬಹುದು. ಇನ್ನೊಂದರಲ್ಲಿ ಮಿದುಳು ಊದಿಕೊಳ್ಳುತ್ತದೆ, ನಡಿಗೆ ತಡವರಿಸುತ್ತದೆ, ಮಾತು ಅಸಂಬದ್ಧವಾಗುತ್ತದೆ. ಎರಡಕ್ಕೂ ಔಷಧಗಳಿವೆ, ಆಮ್ಲಜನಕವನ್ನೂ ಕೊಡುತ್ತಾರೆ. ಆದರೆ ನಿಜವಾದ ಚಿಕಿತ್ಸೆ ಕೆಳಗಿಳಿಯುವುದು, ಅದೂ ಬೆಳಗಾಗುವುದನ್ನು ಕಾಯದೆ. ಈ ಕಾಯಿಲೆಗಳ ಕ್ರೂರ ಗುಣವೆಂದರೆ ರೋಗಿಗೆ ತಾನು ರೋಗಿ ಎಂದು ತಿಳಿಯದೆ ಹೋಗುವುದು. ಎತ್ತರದಲ್ಲಿ ಮೊದಲು ಮಂಕಾಗುವುದೇ ವಿವೇಕ. ಆದ್ದರಿಂದ ಮೇಲಿನ ಬೋಧಕರು ಬರೆದಿರುವಂತೆ ಹಿಂದಿರುಗುವ ಗಂಟೆಯನ್ನು ಕೆಳಗೆ ತಲೆ ತಿಳಿಯಾಗಿರುವಾಗಲೇ ಗೊತ್ತುಮಾಡಿಕೊಳ್ಳುವುದು ವೈದ್ಯಕೀಯವಾಗಿಯೂ ಅತ್ಯಗತ್ಯ.

8,000 ಮೀಟರಿನಿಂದಾಚೆಗೆ ಒಗ್ಗಿಕೊಳ್ಳುವ ಮಾತೇ ಇಲ್ಲ, ಅಲ್ಲಿ ಮೈ ದಿನದಿಂದ ದಿನಕ್ಕೆ ಕುಗ್ಗುತ್ತಲೇ ಹೋಗುತ್ತದೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ತುದಿಯಲ್ಲಿ ಮನುಷ್ಯ ಬದುಕಬಲ್ಲನೇ ಎಂಬ ಶಂಕೆ ತಜ್ಞರಲ್ಲೇ ಇತ್ತು. 1978ರ ಮೇ 8ರಂದು ರೀನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಅದನ್ನು ಮಾಡಿ ತೋರಿಸಿದರು. 2007ರಲ್ಲಿ ವೈದ್ಯರ ತಂಡವೊಂದು ಎವರೆಸ್ಟಿನಿಂದ ಇಳಿಯುವಾಗ 8,400 ಮೀಟರಿನಲ್ಲಿ ತಮ್ಮದೇ ಅಪಧಮನಿಯ ರಕ್ತ ತೆಗೆದು ಅಳೆದಾಗ ಅದರಲ್ಲಿದ್ದ ಆಮ್ಲಜನಕದ ಒತ್ತಡ ಸರಾಸರಿ 24.6 ಮಿಲಿಮೀಟರ್ ಪಾದರಸದಷ್ಟಿತ್ತು. ಆರೋಗ್ಯವಂತರಲ್ಲಿ ಅದು 80ರಿಂದ 100 ಇರಬೇಕು. ಇಲ್ಲಿನ ತುರ್ತು ಘಟಕದಲ್ಲಿ ಅಂಥ ವರದಿ ನನ್ನ ಕೈಗೆ ಬಂದರೆ ರೋಗಿ ಉಳಿಯುವ ಆಸೆಯನ್ನು ನಾನು ಇಟ್ಟುಕೊಳ್ಳಲಾರೆ, ಆದರೆ ಅವರು ವಾರಗಟ್ಟಲೆ ಒಗ್ಗಿಕೊಂಡಿದ್ದರಿಂದ ನಡೆದಾಡುತ್ತಿದ್ದರು.

ಈಗಲೇ ಮಾಡಬೇಕಾದ ಒಂದು ಕೆಲಸವಿದೆ. ಹೊಸ ರಕ್ತಕಣಗಳಿಗೆ ಕಬ್ಬಿಣಾಂಶ ಬೇಕು, ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಅದರ ಕೊರತೆಯಿರುತ್ತದೆ. ಹಿಮೋಗ್ಲೋಬಿನ್ ಜೊತೆಗೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ, ಕಡಿಮೆಯಿದ್ದರೆ ಕೋರ್ಸಿಗೆ ಕೆಲವು ತಿಂಗಳ ಮುಂಚೆಯೇ ಚಿಕಿತ್ಸೆ ಶುರುಮಾಡಿಸಿ. ಹಲ್ಲಿನ ವೈದ್ಯರಿಗೂ ಒಮ್ಮೆ ತೋರಿಸಿ. ಇಲ್ಲಿ ಸಣ್ಣದಾಗಿ ಕಾಣುವ ಹುಳುಕು ಹಲ್ಲು ಆರು ಸಾವಿರ ಮೀಟರಿನ ಗುಡಾರದಲ್ಲಿ ಇಡೀ ಯಾತ್ರೆಯನ್ನು ಹಾಳುಮಾಡಬಲ್ಲದು.

ಉತ್ತರ: ಹೊಸನಗರದ ಶಿಕ್ಷಕಿ

ಹಿರಿಯರೇ, ನನ್ನ ಪತಿ ಪರ್ವತಾರೋಹಿ. ಮನೆಯವರು ಯಾವುದಕ್ಕೆ ಸಿದ್ಧರಾಗಿರಬೇಕು ಎಂಬ ಪ್ರಶ್ನೆ ಉಳಿದಿದೆಯಲ್ಲ, ಅದಕ್ಕೆ ನಾನು ಬಲ್ಲಷ್ಟು ಹೇಳುತ್ತೇನೆ.

ಮೊದಲನೆಯದು ಮೌನ. ಕೊನೆಯ ಹಳ್ಳಿಯ ನಂತರ ಫೋನ್ ಇರುವುದಿಲ್ಲ. ನಮ್ಮ ದೇಶದಲ್ಲಿ ಉಪಗ್ರಹ ಫೋನನ್ನು ಸರ್ಕಾರದ ಅನುಮತಿಯಿಲ್ಲದೆ ಬಳಸುವಂತಿಲ್ಲವಾದ್ದರಿಂದ ಸಣ್ಣ ತಂಡಗಳ ಬಳಿ ಅದೂ ಇರುವುದಿಲ್ಲ. ವಾರಗಟ್ಟಲೆ ಸುದ್ದಿಯಿಲ್ಲದಿರುವುದೇ ಅಲ್ಲಿ ಸಹಜ ಸ್ಥಿತಿ ಎಂಬುದನ್ನು ಮನಸ್ಸಿಗೆ ಕಲಿಸಬೇಕಾಗುತ್ತದೆ. ಹೊರಡುವ ಮುಂಚೆ ನಾವಿಬ್ಬರೂ ಕುಳಿತು ಯಾವ ದಿನದವರೆಗೆ ಸುದ್ದಿ ಬಾರದಿದ್ದರೆ ಚಿಂತಿಸಬೇಕಾಗಿಲ್ಲ, ಆ ದಿನ ದಾಟಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆದಿಡುತ್ತೇವೆ. ಆ ದಿನಾಂಕ ಬರೆದಿರುವುದರಿಂದಲೇ ಅದಕ್ಕೆ ಮುಂಚಿನ ರಾತ್ರಿಗಳಲ್ಲಿ ನನಗೆ ನಿದ್ರೆ ಬರುತ್ತದೆ. ಹವಾಮಾನ ವರದಿಯನ್ನು ಗಂಟೆಗೊಮ್ಮೆ ನೋಡುವ ಅಭ್ಯಾಸಕ್ಕೆ ಮಾತ್ರ ಬೀಳಬೇಡಿ.

ಎರಡನೆಯದು ಕಾಗದಪತ್ರ. ನಮ್ಮಲ್ಲಿ ಸಾಮಾನ್ಯವಾಗಿ ಮಾಡಿಸುವ ಆರೋಗ್ಯ ಮತ್ತು ಅಪಘಾತ ವಿಮೆಗಳಲ್ಲಿ ಅನೇಕವು ಪರ್ವತಾರೋಹಣವನ್ನು ಹೊರಗಿಡುತ್ತವೆ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ, ಎಷ್ಟು ಎತ್ತರದವರೆಗೆ, ಹಗ್ಗ ಬಳಸುವ ಏರಿಕೆಗೂ ಅನ್ವಯಿಸುತ್ತದೆಯೇ, ಹೆಲಿಕಾಪ್ಟರ್ ಖರ್ಚು ಸೇರಿದೆಯೇ ಎಂದು ಲಿಖಿತವಾಗಿ ಕೇಳಬೇಕು. ಬ್ಯಾಂಕ್ ಖಾತೆಗಳಿಗೆ ನಾಮಿನಿ ಹೆಸರು ಇರಬೇಕು. ಮಗಳ ಮುಂದೆ ಈ ಮಾತೆತ್ತುವುದು ತಮಗೆ ಅಶುಭವೆನಿಸಬಹುದು, ಆದರೂ ಎತ್ತಬೇಕು.

ದುರಂತದ ವಿಷಯವನ್ನು ನಾನು ತೇಲಿಸಿ ಹೇಳುವುದಿಲ್ಲ. ದ್ರೌಪದಿ ಕಾ ಡಾಂಡಾ 5,670 ಮೀಟರಿನ ಶಿಖರ, ಪರ್ವತಾರೋಹಿಗಳ ಲೆಕ್ಕದಲ್ಲಿ ಬಹಳ ಎತ್ತರದ್ದೇನಲ್ಲ. ಹಿಮಕುಸಿತಕ್ಕೆ ಎಂಟು ಸಾವಿರ ಮೀಟರ್ ಬೇಕಾಗಿಲ್ಲ, ಹೊಸ ಹಿಮ ಸರಿಯಾಗಿ ಕೂಡಿಕೊಳ್ಳದ ಇಳಿಜಾರು ಇದ್ದರೆ ಸಾಕು. ಕೌಶಲ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ನನ್ನ ಪತಿಯ ಗೆಳೆಯರಲ್ಲಿ ಹಿಂದಿರುಗದವರಿದ್ದಾರೆ, ಅವರ ಮನೆಗಳಿಗೆ ನಾವಿಬ್ಬರೂ ಹೋಗಿ ಕುಳಿತು ಬಂದಿದ್ದೇವೆ. ಈ ಬದುಕನ್ನು ಒಪ್ಪುವವರು ಅದನ್ನೂ ಸೇರಿಸಿಯೇ ಒಪ್ಪಬೇಕಾಗುತ್ತದೆ. ಇನ್ನೊಂದು ಮಾತನ್ನೂ ಮಗಳಿಗೆ ತಾವು ಹೇಳಬೇಕೆಂದು ನನ್ನ ಕೋರಿಕೆ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತ ಎಂಬ, ಬಿರುಕುಬಿಟ್ಟ ಮಂಜುಗಡ್ಡೆಯ ಇಳಿಜಾರಿನಲ್ಲಿ ಕುಸಿತವಾಗಿ ತೀರಿಕೊಂಡ 16 ಮಂದಿಯೂ ಬೇರೆಯವರ ಏರಿಕೆಗಾಗಿ ದುಡಿಯುತ್ತಿದ್ದ ನೇಪಾಳದ ಕೆಲಸಗಾರರು. ಏಣಿ ಇಡುವವರು, ಹಗ್ಗ ಕಟ್ಟುವವರು, ಸಾಮಾನು ಹೊರುವವರು ಅವರೇ, ಅಪಾಯದ ಜಾಗವನ್ನು ಹೆಚ್ಚು ಸಲ ದಾಟುವವರೂ ಅವರೇ. ಅವರ ಕೂಲಿ, ಉಡುಪು, ವಿಮೆ ಸರಿಯಾಗಿದೆಯೇ ಎಂದು ಕೇಳದೆ ಯಾವ ತಂಡವನ್ನೂ ಸೇರಬಾರದು.

ಹೆಣ್ಣುಮಗಳು ಎಂಬ ಕಾರಣಕ್ಕೆ ನೆಂಟರಿಷ್ಟರು ಮದುವೆಯ ಮಾತೆತ್ತುತ್ತಾರೆ. ಉತ್ತರಕಾಶಿಯ ಬಳಿಯ ನಾಕುರಿ ಎಂಬ ಹಳ್ಳಿಯ ಬಚೇಂದ್ರಿ ಪಾಲ್ ಅವರು ಎಂ.ಎ., ಬಿ.ಎಡ್. ಮಾಡಿದ್ದರೂ ಪರ್ವತಾರೋಹಣವನ್ನು ಆರಿಸಿಕೊಂಡಾಗ ಮನೆಯವರ ವಿರೋಧವನ್ನು ಎದುರಿಸಬೇಕಾಯಿತು. 1984ರಲ್ಲಿ ಎವರೆಸ್ಟಿನ ಪಕ್ಕದ ಲ್ಹೋತ್ಸೆ ಶಿಖರದ ಇಳಿಜಾರಿನ ಶಿಬಿರದ ಮೇಲೆ ನಡುರಾತ್ರಿ ಹಿಮ ಕುಸಿದು ಜೊತೆಯವರಲ್ಲಿ ಹಲವರು ಗಾಯಗೊಂಡು ಕೆಳಗಿಳಿದ ಮೇಲೂ ಅವರು ಮುಂದುವರಿದು, ಮೇ 23ರಂದು ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆಯಾದರು. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಮುಂದಿನ ಮೂರೂವರೆ ದಶಕ. ಜಮ್ಶೆಡ್‌ಪುರದ ಟಾಟಾ ಸ್ಟೀಲ್ ಸಾಹಸ ಪ್ರತಿಷ್ಠಾನದಲ್ಲಿ 2019ರವರೆಗೆ ದುಡಿದು, ಅವರು ಹೊಸ ತಲೆಮಾರಿನ ಹುಡುಗಿಯರನ್ನು ತಯಾರುಮಾಡಿದರು. ಕೃತಕ ಕಾಲಿನಿಂದ 2013ರಲ್ಲಿ ಎವರೆಸ್ಟ್ ಏರಿದ ಅರುಣಿಮಾ ಸಿನ್ಹಾ ಅವರಿಗೂ ಗುರುವಾದವರು ಅವರೇ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಎಲ್ಲ ಉತ್ತರಗಳನ್ನೂ ಮಗಳನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ಓದಿದೆವು. ಹೆಲಿಕಾಪ್ಟರ್, ನಾಮಿನಿ ಎಂಬ ಮಾತುಗಳಲ್ಲಿ ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಆಮೇಲೆ ತಾನೇ ಬಂದು ರಕ್ತ ಪರೀಕ್ಷೆಗೆ ಯಾವಾಗ ಶಿವಮೊಗ್ಗಕ್ಕೆ ಹೋಗುವುದು ಎಂದು ಕೇಳಿದಳು. ಅಡ್ವಾನ್ಸ್ ಕೋರ್ಸಿಗೆ ಅರ್ಜಿ ಹಾಕಲು ಒಪ್ಪಿದ್ದೇವೆ. ಎಂಟು ಸಾವಿರ ಮೀಟರಿನ ಮಾತನ್ನು ಬೋಧಕಿಯಾಗುವ ಅರ್ಹತೆ ಪಡೆದ ನಂತರ ಎತ್ತುವುದಾಗಿ ಮಗಳೂ ಒಪ್ಪಿದ್ದಾಳೆ. ಉಳಿದ ಪ್ರಶ್ನೆ ಒಂದೇ: ಅಲ್ಲಿಯವರೆಗೆ ಇಲ್ಲಿಯೇ ಇದ್ದು ಮಾಡಬಹುದಾದ ತಯಾರಿ ಏನು?

ಉತ್ತರ: ಸಾಗರದ ಪರ್ವತಾರೋಹಣ ಬೋಧಕ

ಒಳ್ಳೆಯ ನಿರ್ಧಾರ ಸರ್. ತೆಳುಗಾಳಿಯೂ ಮಂಜುಗಡ್ಡೆಯೂ ನಮ್ಮಲ್ಲಿಲ್ಲ, ಅವನ್ನು ಅಲ್ಲಿಯೇ ಕಲಿಯಬೇಕು. ಕಾಲು, ಬೆನ್ನು ಮತ್ತು ಉಸಿರನ್ನು ತಯಾರುಮಾಡಲು ಮಾತ್ರ ಮಲೆನಾಡಿಗಿಂತ ಒಳ್ಳೆಯ ಜಾಗ ಬೇಡ. 1,343 ಮೀಟರಿನ ಕೊಡಚಾದ್ರಿಯನ್ನು ಜೀಪಿನ ಗೊಡವೆಯಿಲ್ಲದೆ ಬುಡದಿಂದ ಹೊರೆ ಹೊತ್ತು ಹತ್ತಿದರೆ ಒಂದು ದಿನದ ಒಳ್ಳೆಯ ತಾಲೀಮು. ಹೊರೆಯನ್ನು ಕೆಲವು ಕಿಲೋಗಳಿಂದ ಶುರುಮಾಡಿ ತಿಂಗಳುಗಳಲ್ಲಿ ನಿಧಾನವಾಗಿ ಏರಿಸಬೇಕು. ಅವಸರಪಟ್ಟರೆ ಮೊದಲು ಹೋಗುವುದು ಮಂಡಿ, ಅದೂ ಇಳಿಯುವಾಗ. ಹತ್ತುವಾಗ ಹೊರೆಯ ಪಾಲನ್ನು ನೀರಿನ ಕ್ಯಾನುಗಳಲ್ಲಿ ಒಯ್ದು, ಮೇಲೆ ನೀರು ಚೆಲ್ಲಿ ಹಗುರವಾಗಿ ಇಳಿಯುವುದು ನಾವು ಅನುಸರಿಸುವ ಕ್ರಮ. ವಾರದ ಉಳಿದ ದಿನಗಳಲ್ಲಿ ಮಾತಾಡುತ್ತ ಓಡಬಹುದಾದಷ್ಟೇ ವೇಗದಲ್ಲಿ ದೀರ್ಘವಾಗಿ ಓಡಬೇಕು. ಬಂಡೆಯ ಅಭ್ಯಾಸಕ್ಕೆ ಬಾದಾಮಿಯ ಮರಳುಗಲ್ಲೂ ರಾಮನಗರದ ಕಡೆಯ ಬಂಡೆಗಳೂ ಇವೆ, ಅಲ್ಲಿಗೆ ಅನುಭವಿಗಳ ಜೊತೆಯಲ್ಲೇ ಹೋಗಬೇಕು.

ಕಾಡಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು ಎಂಬುದು ತಮಗೆ ತಿಳಿದೇ ಇದೆ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲವಾದ್ದರಿಂದ ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬಾರದು. ಬೇರೆಡೆ ಹೋದಾಗಲೂ ಮೈತುಂಬ ಬಟ್ಟೆ ಹಾಕಿ, ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಬೇಕು.

ಸಲಕರಣೆಗಳಿಗೆ ಈಗ ಹಣ ಹಾಕಬೇಡಿ. ಐಸ್ ಆಕ್ಸ್, ಬೂಟಿನಡಿ ಕಟ್ಟುವ ಮುಳ್ಳುಗಳ ಕ್ರ್ಯಾಂಪಾನ್, ಹಗ್ಗ, ಹಿಮದ ಬೂಟುಗಳನ್ನು ಕೋರ್ಸಿನಲ್ಲಿ ಸಂಸ್ಥೆಯೇ ಕೊಡುತ್ತದೆ. ಇಲ್ಲಿ ದಿನವೂ ಹಾಕಿ ನಡೆಯಲು ಕಾಲಿಗೆ ಸರಿಹೊಂದುವ ಒಂದು ಜೊತೆ ಚಾರಣದ ಬೂಟು ಮತ್ತು ಎರಡು ಮೂರು ಜೊತೆ ಒಳ್ಳೆಯ ಉಣ್ಣೆಯ ಕಾಲುಚೀಲ ಸದ್ಯಕ್ಕೆ ಸಾಕು. ಬೂಟು ಕೊಳ್ಳಲು ಸಂಜೆಯ ಹೊತ್ತು ಹೋಗಲಿ. ನಡೆದ ಕಾಲು ಆಗ ಸ್ವಲ್ಪ ಊದಿರುವುದರಿಂದ ಅಳತೆ ಸರಿಯಾಗಿ ಸಿಗುತ್ತದೆ.